ರವಿವಾರ ಸಂಜೆ ಆರೂವರೆ

ಓಟವನ್ನು ನೋಡುವುದು ಬೇರೆ, ಓದುವುದು ಬೇರೆ. ಫಾರ್ಮುಲಾ ಒನ್ ಮುಂದೆ ಮೊದಲ ಸಲ ಕೂತವರಿಗೆ ಕಾಣುವುದು ಬಣ್ಣಬಣ್ಣದ ಕಾರುಗಳು ಒಂದರ ಹಿಂದೊಂದು ಸುತ್ತು ಹಾಕುವುದು. ಅರ್ಧ ತಾಸು ಕೂತು, ‘ಇದರಾಗ ನೋಡೂದು ಏನೈತಿ?’ ಎಂದು ಎದ್ದು ಹೋಗುತ್ತಾರೆ. ಅದು ಅವರ ತಪ್ಪಲ್ಲ. ಓಟ ರಸ್ತೆಯ ಮೇಲೆ ಎಷ್ಟು ನಡೆಯುತ್ತದೋ ಪರದೆಯ ಎಡಬದಿಯ ಹೆಸರುಗಳ ಪಟ್ಟಿಯಲ್ಲೂ ಅಷ್ಟೇ ನಡೆಯುತ್ತದೆ. ಯಾರ ಹಿಂದೆ ಯಾರು ಎಷ್ಟು ಸೆಕೆಂಡು ದೂರದಲ್ಲಿದ್ದಾರೆ, ಆ ಅಂತರ ಕರಗುತ್ತಿದೆಯೋ ಬೆಳೆಯುತ್ತಿದೆಯೋ, ಯಾರ ಗಾಲಿಗೆ ಕೆಂಪು ಗುರುತಿನ ಮೆತ್ತನೆಯ ಟೈರು, ಯಾರಿಗೆ ಹಳದಿ, ಯಾರಿಗೆ ಬಿಳಿಯ ಗಟ್ಟಿ ಟೈರು, ಇಷ್ಟನ್ನು ಕಣ್ಣು ತಾನಾಗಿ ಹೆಕ್ಕತೊಡಗಿದ ದಿನ ಆ ಗಿರಕಿಯೊಳಗೆ ಕಥೆ ತೆರೆದುಕೊಳ್ಳುತ್ತದೆ. ಆಮೇಲೆ ಅದರಿಂದ ಬಿಡಿಸಿಕೊಳ್ಳುವುದು ಕಷ್ಟ. ನನಗೆ ಬಿಡಿಸಿಕೊಳ್ಳುವ ಮನಸ್ಸೂ ಇಲ್ಲ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಂಡರ್‌ಕಟ್. ಇಬ್ಬರ ನಡುವೆ ಒಂದೂವರೆ ಸೆಕೆಂಡು ಅಂತರವಿದೆ ಎನ್ನಿ. ಹಿಂದಿನವನಿಗೆ ವೇಗ ಹೆಚ್ಚಿದೆ. ಆದರೆ ಹತ್ತಿರ ಹೋದಷ್ಟೂ ಮುಂದಿನ ಕಾರು ಕದಡಿಬಿಟ್ಟ ಗಾಳಿಗೆ ಸಿಕ್ಕು ಅವನ ಕಾರಿನ ಹಿಡಿತ ತಪ್ಪುತ್ತದೆ, ಟೈರು ಕಾದು ಜಾರುತ್ತದೆ. ರಸ್ತೆಯ ಮೇಲೆ ದಾಟಲಾಗದು. ಆಗ ಅವನು ಟೈರು ಬದಲಿಸಲು ತಾನೇ ಮೊದಲು ಪಿಟ್‌ಗೆ ಬರುತ್ತಾನೆ. ಒಳಗೆ ಬಂದು ಹೋಗುವುದಕ್ಕೆ ಸುಮಾರು ಇಪ್ಪತ್ತು ಸೆಕೆಂಡು ಹೋಗುತ್ತದೆ. ಆ ನಷ್ಟ ಇಬ್ಬರಿಗೂ ತಪ್ಪಿದ್ದಲ್ಲ, ಈತ ಮೊದಲು ಕಟ್ಟುತ್ತಾನೆ ಅಷ್ಟೇ. ಹೊಸ ಟೈರಿನ ಮೇಲೆ ಒಂದು ಸುತ್ತು ಮೈಯೆಲ್ಲ ಕಣ್ಣಾಗಿ ಓಡಿಸುತ್ತಾನೆ. ಸವೆದ ಟೈರಿನಲ್ಲೇ ಉಳಿದ ಇನ್ನೊಬ್ಬ ಅದೇ ಸುತ್ತಿನಲ್ಲಿ ಎರಡು ಸೆಕೆಂಡು ಹಿಂದೆ ಬೀಳುತ್ತಾನೆ. ಮರುಸುತ್ತಿಗೆ ಅವನೂ ಟೈರು ಬದಲಿಸಿ ಪಿಟ್ ದಾರಿಯ ಬಾಯಿಗೆ ಬರುವ ಹೊತ್ತಿಗೆ, ಹಿಂದಿದ್ದವನು ಪಕ್ಕದಲ್ಲೇ ಸರ್ರನೆ ಹಾದು ಮುಂದಾಗುತ್ತಾನೆ. ಎರಡು ಕಾರುಗಳು ಒಂದೇ ತಿರುವಿಗೆ ಬಂದು ಸೇರುವ ಆ ಗಳಿಗೆಯನ್ನು ಮೊದಲೇ ಲೆಕ್ಕ ಹಾಕಿ, ‘ನೋಡ್ರಿ, ಈಗ ಮುಂದ ಬರ್ತಾನ’ ಎಂದು ಹೇಳಿ, ಅದು ಹಾಗೆಯೇ ಆಗುವುದನ್ನು ಕಾಣುವ ಸುಖವಿದೆಯಲ್ಲ, ಅದಕ್ಕಾಗಿಯೇ ನಾನು ಎರಡು ತಾಸು ಕದಲದೆ ಕೂರುತ್ತೇನೆ.

ಹಾಗೆ ಹೇಳಲು ಪಕ್ಕದಲ್ಲಿ ಯಾರಾದರೂ ಬೇಕು. ಮುಂಡರಗಿ ತಾಲೂಕಿನ ನಮ್ಮ ಹಿರೇವಡ್ಡಟ್ಟಿಯಲ್ಲಿ ಅಂಥವರು ಕೆಲವರಿದ್ದೇವೆ. ಟ್ರ್ಯಾಕ್ಟರ್ ರಿಪೇರಿ ಮಾಡುವ ಮಿಸ್ತ್ರಿ ಕಾಕಾ, ಗದಗದಲ್ಲಿ ಡಿಪ್ಲೊಮಾ ಓದುವ ಅವರ ಅಣ್ಣನ ಮಗ, ಮುಂಡರಗಿ ಕೋರ್ಟಿನಿಂದ ರಜೆಯ ದಿನ ಊರಿಗೆ ಬರುವ ವಕೀಲರು, ಮತ್ತು ನಾನು. ಯುರೋಪಿನ ಓಟಗಳು ನಮ್ಮ ಗಡಿಯಾರದಲ್ಲಿ ರವಿವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಎರಿ ಹೊಲದಿಂದ ಮಂದಿ ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವ ಹೊತ್ತು ಅದು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಿಟ್ಟಿರುತ್ತದೆ. ನಮ್ಮ ಪಡಸಾಲೆಯಲ್ಲಿ ಚಾಪೆ ಬೀಳುತ್ತದೆ, ಒಂದು ತಟ್ಟೆ ಮಿರ್ಚಿ, ಮಂಡಕ್ಕಿ ಬರುತ್ತದೆ, ಇಟಲಿಯ ಮೊಂಜಾದಲ್ಲೋ ಬೆಲ್ಜಿಯಂನ ಸ್ಪಾದಲ್ಲೋ ಕೆಂಪು ದೀಪಗಳು ಆರುತ್ತವೆ.

ನಮಗೆ ಇದರ ಹುಚ್ಚು ಹಿಡಿಸಿದ್ದು ಕೇಬಲ್ ಟಿವಿ. ತೊಂಬತ್ತರ ದಶಕದಲ್ಲಿ ಕೇಬಲ್ಲಿನೊಂದಿಗೆ ಸ್ಟಾರ್ ಸ್ಪೋರ್ಟ್ಸ್ ಬಂತು, ಅದರೊಳಗೆ ಈ ಓಟ ಬಂತು. ಯಾರೂ ಹುಡುಕಿಕೊಂಡು ಹೋದದ್ದಲ್ಲ. ಕ್ರಿಕೆಟ್ ಇದೆಯೇನೋ ಎಂದು ಚಾನೆಲ್ ತಿರುವುತ್ತಿದ್ದಾಗ ಎಂಜಿನ್ನಿನ ಸದ್ದು ಕೇಳಿ ಕೈ ನಿಂತಿತು. 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಜೋರ್ಡಾನ್ ತಂಡದ ಕಾರಿನಲ್ಲಿ ಮೆಲ್ಬರ್ನ್‌ನಲ್ಲಿ ಓಡಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದಾಗ ಟಿವಿಯ ಮುಂದಿನ ಮಂದಿ ಹೆಚ್ಚಿದರು. 2008ರಲ್ಲಿ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡ ಬಂತು; ಮರುವರ್ಷ ಸ್ಪಾದಲ್ಲಿ ಅದರ ಚಾಲಕ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ ನಿಂತು ಓಟ ಆರಂಭಿಸಿ ಎರಡನೆಯವನಾಗಿ ಮುಗಿಸಿದ.

2008ರ ನವೆಂಬರ್ 2ರ ಬ್ರೆಜಿಲ್ ಓಟ ಮಾತ್ರ ನಮ್ಮೊಳಗೆ ಇನ್ನೂ ಮುಗಿದಿಲ್ಲ. ದೀಪಾವಳಿ ಆಗ ತಾನೇ ಕಳೆದಿತ್ತು. ಓಟ ಶುರುವಾದದ್ದೇ ರಾತ್ರಿ ಹತ್ತೂವರೆ ದಾಟಿದ ಮೇಲೆ. ಕೊನೆಯ ಸುತ್ತಿಗೆ ಬರುವಾಗ ನಡುರಾತ್ರಿ ಮೀರಿತ್ತು, ಸಾವೊ ಪೌಲೊದಲ್ಲಿ ಮಳೆ ಹನಿಯುತ್ತಿತ್ತು. ತವರಿನ ಹುಡುಗ ಫೆಲಿಪೆ ಮಸ್ಸಾ ಗೆದ್ದು ಗೆರೆ ದಾಟಿದ. ಅವನೇ ವಿಶ್ವ ಚಾಂಪಿಯನ್ ಎಂದು ಅವನ ಮನೆಯವರು ಕುಣಿಯತೊಡಗಿದರು. ಚಾಂಪಿಯನ್ ಆಗಬೇಕಾದರೆ ಲೂಯಿಸ್ ಹ್ಯಾಮಿಲ್ಟನ್ ಐದನೆಯವನಾಗಬೇಕು, ಅವನಿದ್ದದ್ದು ಆರನೆಯ ಜಾಗದಲ್ಲಿ. ನಾವೂ ಮುಗಿಯಿತೆಂದು ಏಳುವವರಿದ್ದೆವು. ಮಿಸ್ತ್ರಿ ಕಾಕಾ ಒಬ್ಬರೇ ಕೂತಲ್ಲಿಂದ ಕೈ ಎತ್ತಿ, ‘ತಡೀರಿ, ತಡೀರಿ! ಆ ಗ್ಲಾಕ್ ಟೈರ್ ಬದಲಿಸಿಲ್ಲ. ಮಳ್ಯಾಗ ಒಣ ಟೈರ್ ಮ್ಯಾಲ ಹೊಂಟಾನ!’ ಎಂದರು. ಟೊಯೋಟಾದ ಟಿಮೊ ಗ್ಲಾಕ್ ನೀರಿನ ಮೇಲೆ ತೆವಳುತ್ತಿದ್ದ. ಕೊನೆಯ ತಿರುವಿನಲ್ಲಿ ಹ್ಯಾಮಿಲ್ಟನ್ ಅವನನ್ನು ದಾಟಿದ. ಒಂದೇ ಅಂಕದಿಂದ, 98ಕ್ಕೆ 97, ಪಟ್ಟ ಬದಲಾಯಿತು. ಓಟವನ್ನು ಓದುವುದೆಂದರೆ ಏನೆಂದು ನನಗೆ ತಿಳಿದದ್ದು ಆ ರಾತ್ರಿ, ಕಾಕಾನ ಬಾಯಿಂದ.

ಈಗ ನಮ್ಮ ಪಡಸಾಲೆಯ ದೊಡ್ಡ ಚರ್ಚೆಗೆ ಬರುತ್ತೇನೆ. ಅದು ಯಾವ ಚಾಲಕ ದೊಡ್ಡವನೆಂಬುದಲ್ಲ. ಓಟ ಎಲ್ಲಿ ತೋರಿಸಬೇಕು ಎಂಬುದು.

ಜಗತ್ತಿಗೆಲ್ಲ ಹೋಗುವ ಚಿತ್ರ ಒಂದೇ. ಫಾರ್ಮುಲಾ ಒನ್ ಸಂಸ್ಥೆಯೇ ಅದನ್ನು ತಯಾರಿಸುತ್ತದೆ. ಇಂಗ್ಲೆಂಡಿನ ಬಿಗಿನ್ ಹಿಲ್‌ನಲ್ಲಿ ಅದರ ಕೇಂದ್ರವಿದೆ. ಮೊನಾಕೊ ಒಂದು ಮಾತ್ರ 2022ರವರೆಗೆ ತನ್ನ ಓಟದ ಚಿತ್ರೀಕರಣವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಚಿತ್ರ ಒಂದೇ ಆದರೂ ತೋರಿಸುವ ಹಕ್ಕು ದೇಶದೇಶಕ್ಕೆ ಬೇರೆ ಬೇರೆಯಾಗಿ, ಇಷ್ಟು ವರ್ಷಕ್ಕೆಂದು ಮಾರಾಟವಾಗುತ್ತದೆ. ಕೊಂಡವರ ಕೈಯಲ್ಲಿ ನಮ್ಮ ಸಂಜೆ.

ನಮ್ಮಲ್ಲಿ ಬದಲಾವಣೆ ಮೆಲ್ಲಗೆ ಬಂತು. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ನಿಯಮ ಜಾರಿಯಾಗಿ, ಬೇಕಾದ ಚಾನೆಲ್ ಆರಿಸಿ ಅದಕ್ಕಷ್ಟೇ ದುಡ್ಡು ಕಟ್ಟುವ ಪದ್ಧತಿ ಬಂತು. ನಿಯಮ ನ್ಯಾಯವಾದದ್ದೇ. ಆದರೆ ಊರಿನ ಮನೆಗಳಲ್ಲಿ ಧಾರಾವಾಹಿ ಉಳಿಯಿತು, ಸುದ್ದಿ ಉಳಿಯಿತು, ಕ್ರಿಕೆಟ್ ಉಳಿಯಿತು. ಓಟ ಬರುತ್ತಿದ್ದ ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ ಪಟ್ಟಿಯಿಂದ ಬಿತ್ತು. 2022ರ ಋತುವಿನೊಂದಿಗೆ ಸ್ಟಾರ್‌ನ ಹಕ್ಕೂ ಮುಗಿಯಿತು. 2023ರ ಮಾರ್ಚ್‌ನಲ್ಲಿ ಬಹರೈನ್ ಓಟ ಭಾರತದ ಯಾವ ಟಿವಿ ಚಾನೆಲ್ಲಿನಲ್ಲೂ ಇರಲಿಲ್ಲ. ಫಾರ್ಮುಲಾ ಒನ್ ತನ್ನದೇ ಎಫ್1 ಟಿವಿ ಪ್ರೊ ಆ್ಯಪನ್ನು ಇಲ್ಲಿಗೆ ತಂದಿತು. 2024ರಿಂದ ಫ್ಯಾನ್‌ಕೋಡ್ ಆ್ಯಪ್ ಹಕ್ಕು ಪಡೆಯಿತು. ಹೀಗೆ ಪಡಸಾಲೆಯ ಟಿವಿಯಲ್ಲಿದ್ದ ಓಟ ಕೈಯೊಳಗಿನ ಫೋನಿಗೆ ಇಳಿಯಿತು.

ಡಿಪ್ಲೊಮಾ ಓದುವ ಹುಡುಗ ಇದರ ಪರ. ‘ಕಾಕಾ, ಟಿವ್ಯಾಗ ಕಾಮೆಂಟ್ರಿ ನಡುವ ಜಾಹೀರಾತು ಬಂದು ಪಿಟ್ ಸ್ಟಾಪ್ ನುಂಗಿ ಬಿಡ್ತಿತ್ತು. ಆ್ಯಪಿನ್ಯಾಗ ಶುಕ್ರವಾರದ ಪ್ರ್ಯಾಕ್ಟೀಸ್‌ನಿಂದ ಹಿಡಿದು ಎಲ್ಲಾ ಸಿಗತೈತಿ. ತಪ್ಪಿದ್ರ ಮರುದಿನ ನೋಡಬಹುದು. ಫಾರ್ಮುಲಾ ಟೂನೂ ನೋಡಬಹುದು. ಇದಕ್ಕಿಂತ ಇನ್ನೇನ್ ಬೇಕು?’

ಕಾಕಾ ತಲೆಯಾಡಿಸುತ್ತಾರೆ. ‘ರೊಕ್ಕಾ ಕೊಡಾಕ ನನ್ನ ತಕರಾರಿಲ್ಲೋ ತಮ್ಮಾ. ಆದ್ರ ನೀ ಹೇಳು, ಈ ಓಟ ಐತಿ ಅಂತ ಗೊತ್ತ ಇಲ್ದಾಂವ ಆ ಆ್ಯಪ್ ಯಾಕ ತಗೀತಾನ?’

ವಕೀಲರು ಕಾಯ್ದೆ ತರುತ್ತಾರೆ. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿತು. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಕ್ರೀಡೆಯ ಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಆದರೆ ಆ ಪಟ್ಟಿ ಒಲಿಂಪಿಕ್ಸ್, ಕ್ರಿಕೆಟ್, ಫುಟ್‌ಬಾಲ್ ವಿಶ್ವಕಪ್‌ನಂಥವುಗಳದು. ಮೋಟಾರು ಓಟಕ್ಕೆ ಅದರಲ್ಲಿ ಜಾಗವಿಲ್ಲ. ‘ಹಂಗಾಗಿ ಕಾಯ್ದೆ ನಮ್ಮ ಕೈ ಹಿಡಿಯೂದಿಲ್ಲ ಬಿಡ್ರಿ’ ಎಂದು ಅವರು ಮಿರ್ಚಿಗೆ ಕೈ ಹಾಕುತ್ತಾರೆ.

ಈ ಜಗಳ ನಮ್ಮೂರಿನದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ, ಐಟಿವಿಗಳಲ್ಲಿ ಪುಕ್ಕಟೆ ಸಿಗುತ್ತಿದ್ದ ಓಟ 2012ರಲ್ಲಿ ದುಡ್ಡು ಕಟ್ಟಿ ನೋಡಬೇಕಾದ ಸ್ಕೈ ಜೊತೆ ಪಾಲಾಯಿತು. 2019ರಿಂದ ನೇರಪ್ರಸಾರ ಹೆಚ್ಚುಕಡಿಮೆ ಪೂರ್ತಿ ಸ್ಕೈ ಕೈಗೆ ಹೋಯಿತು. ಆದರೂ ತವರಿನ ಸಿಲ್ವರ್‌ಸ್ಟೋನ್ ಓಟವನ್ನು ಚಾನೆಲ್ 4 ನೇರವಾಗಿ, ಪುಕ್ಕಟೆಯಾಗಿ ತೋರಿಸುತ್ತ ಬಂದಿದೆ. ಉಳಿದ ಓಟಗಳ ಮುಖ್ಯ ಭಾಗಗಳನ್ನೂ ಹಾಕುತ್ತದೆ. ಜರ್ಮನಿಯಲ್ಲಿ ಚಾಲಕ ಶೂಮಾಕರ್ ಕಾಲದ ಮಕ್ಕಳು ಬೆಳೆದದ್ದು ಆರ್‌ಟಿಎಲ್ ಚಾನೆಲ್ಲಿನ ಮುಂದೆ. ಮೂರು ದಶಕಗಳ ಆ ನಂಟು 2020ಕ್ಕೆ ಕಡಿಯಿತು. ಎಲ್ಲ ಕಡೆ ವಾದ ಒಂದೇ. ದುಡ್ಡು ಕೊಡುವ ಅಭಿಮಾನಿಗೆ ಹಿಂದೆಂದೂ ಸಿಗದಷ್ಟು ಸಿಗುತ್ತಿದೆ, ಇನ್ನೂ ಅಭಿಮಾನಿಯಾಗದವನಿಗೆ ಏನೂ ಸಿಗುತ್ತಿಲ್ಲ.

ನನ್ನ ಮಾತೂ ಇಷ್ಟೇ. ಹುಡುಗ ಹೇಳುವುದು ನಿಜ. ನಾನೇ ದುಡ್ಡು ಕಟ್ಟಿ ನೋಡುತ್ತೇನೆ, ಚಿತ್ರ ಚೊಕ್ಕವಾಗಿದೆ, ತಡವಾದರೂ ಓಟ ಸಿಗುತ್ತದೆ. ಆದರೆ ಕಾಕಾ ಹೇಳುವುದು ಅದಕ್ಕಿಂತ ದೊಡ್ಡ ನಿಜ. ಪ್ರೀತಿ ಇದ್ದವನಿಗೆ ಆ್ಯಪ್ ಸಾಕು. ಪ್ರೀತಿ ಹುಟ್ಟುವುದಕ್ಕೆ ಬೇಕಾದದ್ದು ದಾರಿಯಲ್ಲಿ ಅಕಸ್ಮಾತ್ ಎದುರಾಗುವ ಅವಕಾಶ. ಟಿವಿ ಅದನ್ನು ಕೊಡುತ್ತಿತ್ತು.

ನಮ್ಮ ಸೀಮೆಯ ಖಾಲಿ ಗಾಡಾ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡೆತ್ತು ಕಟ್ಟಿದ ಖಾಲಿ ಗಾಡಿ ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿತೆಂದು ಟೇಪ್ ಹಿಡಿದು ಅಳೆಯುತ್ತಾರೆ. ಹೆಚ್ಚು ದೂರ ಹೋದವರಿಗೆ ಬಹುಮಾನ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಕಂಬಳದೊಂದಿಗೆ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಓಟ ತೋರಿಸುವ ಹಕ್ಕನ್ನು ಯಾರೂ ಯಾರಿಗೂ ಮಾರಿಲ್ಲ. ಹುಡುಗರು ಫೋನ್ ಹಿಡಿದು ಯೂಟ್ಯೂಬಿನಲ್ಲಿ ಬಿಡುತ್ತಾರೆ, ದುಡಿಯಲು ದೂರದ ಊರಿಗೆ ಹೋದವರು ಅಲ್ಲೇ ಕೂತು ನೋಡುತ್ತಾರೆ. ಮೈಕಿನವನು ಊರ ಹೆಸರು, ಎತ್ತಿನ ಬಣ್ಣ, ಒಡೆಯನ ಮನೆತನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಹಾದಿಯಲ್ಲಿ ಹೋಗುವವನು ಆ ದನಿಗೆ ನಿಲ್ಲುತ್ತಾನೆ. ನಿಂತವನು ಮುಂದಿನ ವರ್ಷ ತಾನಾಗಿ ಬರುತ್ತಾನೆ. ಅಂಥ ದನಿ ಫಾರ್ಮುಲಾ ಒನ್‌ಗೆ ನಮ್ಮ ಭಾಷೆಯಲ್ಲಿ ಬೇಕು. ಐಪಿಎಲ್ಲಿಗೂ ಪ್ರೊ ಕಬಡ್ಡಿಗೂ ಕನ್ನಡ ಕಾಮೆಂಟರಿ ಬಂದ ಮೇಲೆ ನಮ್ಮ ಮನೆಯ ಹೆಂಗಸರು, ಮುದುಕರು ಆಟದ ಒಳಸುಳಿ ಮಾತಾಡತೊಡಗಿದ್ದನ್ನು ನಾನು ಕಂಡಿದ್ದೇನೆ. ಅಂಡರ್‌ಕಟ್ಟನ್ನು ನಮ್ಮ ಕಾಕಾ ಹೇಳಿದಷ್ಟು ಚೆನ್ನಾಗಿ ಯಾವ ಇಂಗ್ಲಿಷ್ ಕಾಮೆಂಟೇಟರನೂ ನಮ್ಮವ್ವನಿಗೆ ತಿಳಿಸಲಾರ.

ಹಕ್ಕು ಯಾರೇ ಕೊಳ್ಳಲಿ, ದುಡ್ಡು ಹಾಕಿದವರು ದುಡ್ಡು ಗಳಿಸಲಿ. ವರ್ಷದಲ್ಲಿ ಒಂದೆರಡು ಓಟವನ್ನಾದರೂ ಎಲ್ಲರಿಗೂ ಬರುವ ಟಿವಿಯಲ್ಲಿ ಬಿಡಲಿ. ಉಳಿದವುಗಳ ಅರ್ಧ ತಾಸಿನ ಸಾರವನ್ನು ಕನ್ನಡದಲ್ಲಿ ಕೊಡಲಿ. ಸಿಲ್ವರ್‌ಸ್ಟೋನಿಗೆ ಸಾಧ್ಯವಾದದ್ದು ಇಲ್ಲೇಕೆ ಆಗಬಾರದು? ಅದರಿಂದ ಕೊಂಡವರಿಗೂ ಲಾಭವೇ, ನಾಳೆಯ ಗಿರಾಕಿ ಇವತ್ತಿನ ಪುಕ್ಕಟೆ ಓಟದಿಂದಲೇ ಹುಟ್ಟಬೇಕು.

ಹೀಗೆ ಕೇಳಲು ಈಗಲೇ ಕಾರಣವಿದೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಓಟ ಗೆದ್ದ; ಅಲ್ಲಿ ಗೆದ್ದ ಮೊದಲ ಭಾರತೀಯ ಅವನು. ಅದೇ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ಪಟ್ಟ ಗೆದ್ದು ಬಂದಳು. ಓಡಿಸುವವರು ನಮ್ಮ ನಾಡಿನಲ್ಲಿ ಹುಟ್ಟುತ್ತಿದ್ದಾರೆ. ಒಂದು ದಿನ ಕನ್ನಡ ನೆಲದ ಹುಡುಗನೋ ಹುಡುಗಿಯೋ ಫಾರ್ಮುಲಾ ಒನ್ ಸಾಲಿನಲ್ಲಿ ನಿಂತಾಗ, ಆ್ಯಪಿನ ಹೆಸರೇ ಕೇಳದ ನಮ್ಮ ತಾಲೂಕಿನ ಮಗುವೊಂದು ಟಿವಿ ತಿರುವುತ್ತ ಅದನ್ನು ಕಾಣುವಂತಿರಬೇಕು. ಆ ಒಂದು ಬಾಗಿಲು ತೆರೆದಿಡಿ ಎಂದು ಹಕ್ಕು ಮಾರುವವರನ್ನೂ ಕೊಳ್ಳುವವರನ್ನೂ ನಾವು ಕೇಳುತ್ತಲೇ ಇರುತ್ತೇವೆ.