ಅರ್ಧ ಸೇರು ರಾಗಿ

ವಯಸ್ಸು ಮೊದಲು ಬರುವುದು ಕಣ್ಣಿಗೆ ಎನ್ನುತ್ತಾರೆ. ನನಗೆ ಬಂದದ್ದು ಕೈಗೆ. ಕಾಫಿ ಲೋಟ ಹಿಡಿದಾಗ ಯಾರಿಗೂ ಕಾಣದ ಸಣ್ಣ ನಡುಕ ಫೋಟೊದಲ್ಲಿ ಮಾತ್ರ ಸಿಕ್ಕಿಬೀಳುತ್ತಿತ್ತು. ಅದರಲ್ಲೂ ಸಂಜೆ ಹೊತ್ತು, ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ. ಬೆಳಕು ಕಡಿಮೆಯಾದಷ್ಟೂ ಫೋನು ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ನಾನು ಉಸಿರಾಡಿದರೂ ಸಾಕು, ದೀಪಕ್ಕೆ ಬಾಲ ಬರುತ್ತಿತ್ತು, ಅಮ್ಮನಿಗೆ ಎರಡು ಮೂಗು.

ಅಂಗಡಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಸಿಗುತ್ತದೆ, ನಿಜ. ಆದರೆ ಬಂಡೀಪುರದಲ್ಲಿ ಜೀಪಿನ ಅಂಚಿಗೆ ಕಾಳಿನ ಚೀಲ ಇಟ್ಟು, ಅದರ ಮೇಲೆ ಉದ್ದನೆಯ ಲೆನ್ಸು ಒರಗಿಸಿ ಹುಲಿಗೆ ಕಾಯುವವರನ್ನು ಕಂಡಿದ್ದೆ. ಹುಲಿಗೆ ಒದಗುವುದು ಅಮ್ಮನಿಗೆ ಒದಗದೇ?

ಅರಿಶಿನ ಕುಂಕುಮಕ್ಕೆ ಬಂದು, ಮುಂದೆ ಯಾರ ಮಡಿಲಿಗೆ ದಾಟಬೇಕೆಂದು ಕಾಯುತ್ತಿದ್ದ ಹಸಿರು ರವಿಕೆ ಕಣವೊಂದು ಬೀರುವಿನಲ್ಲಿತ್ತು. ಅಮ್ಮ ಅದನ್ನೇ ಚೀಲ ಹೊಲಿದಳು. ಒಳಗೇನು ತುಂಬುವುದು? ಅಕ್ಕಿಗೆ ಹುಳ ಬೀಳುತ್ತದೆ, ಮರಳು ಸೋರಿದರೆ ಫೋನಿಗೆ ಕೇಡು. ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯದ್ದು ರಾಗಿ. ಅರ್ಧ ಸೇರು ಅಳೆದು ಕೊಡುತ್ತಾ, "ವಾಪಸ್ ಕೊಡ್ಬೇಕು ಮತ್ತೆ" ಎಂದು ಸಾಲಗಾರನಿಗೆ ಹೇಳುವ ಗತ್ತಿನಲ್ಲಿ ಹೇಳಿದಳು. ಗಟ್ಟಿಯಾಗಿ ತುಂಬಿದರೆ ಫೋನು ಜಾರುತ್ತದೆ. ಮೂರನೇ ಒಂದು ಪಾಲು ಖಾಲಿ ಬಿಟ್ಟರೆ ಕಾಳು ಸರಿದು ಜಾಗ ಮಾಡಿಕೊಡುತ್ತದೆ, ಫೋನು ಸೊಂಟದ ಮೇಲಿನ ಮಗುವಿನಂತೆ ಒರಗಿ ಕೂರುತ್ತದೆ. ಬೆನ್ನಿಗೆ ಆಸರೆಯಾಗಿ ಲಗ್ನಪತ್ರಿಕೆಯೊಂದರ ದಪ್ಪ ರಟ್ಟನ್ನು ಮಡಚಿ ಇಟ್ಟೆ. ಆ ಮದುವೆ ಆಮೇಲೆ ನಿಲ್ಲಲಿಲ್ಲ, ರಟ್ಟು ನಿಂತಿದೆ.

ಗುಂಡಿ ಒತ್ತಲು ಬೆರಳು ತಾಗಿಸಿದರೆ ಮತ್ತೆ ನಡುಕ. ಆದ್ದರಿಂದ ಟೈಮರು, 10 ಸೆಕೆಂಡು. ತೊಂದರೆ ಶುರುವಾದದ್ದೇ ಅಲ್ಲಿ. ಅಮ್ಮನ ಲೆಕ್ಕದಲ್ಲಿ ಅದು ಸುಮ್ಮನೆ ನಿಂತು ಕಳೆಯುವ ಹೊತ್ತಲ್ಲ. ಅಷ್ಟರಲ್ಲಿ ಹಾಲಿನ ಉರಿ ತಗ್ಗಿಸಬಹುದು, ಸೆರಗು ಸಿಕ್ಕಿಸಬಹುದು, ಕೊನೆಗೆ ಫೋನಿನ ಕಡೆ ತಿರುಗಿ "ಆಯ್ತೇನೋ?" ಎಂದು ಕೇಳಬಹುದು. ಫೋನು ಕ್ಲಿಕ್ಕಿಸುತ್ತಿದ್ದದ್ದು ಸರಿಯಾಗಿ ಆಗಲೇ. ಫೋಟೊದಲ್ಲಿ ಒಗ್ಗರಣೆ ಡಬ್ಬಿ ಸ್ಪಷ್ಟ, ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಓದಬಹುದು. ಅಮ್ಮ ಮಾತ್ರ ಬಾಯಿ ಅರ್ಧ ತೆರೆದುಕೊಂಡು ಕೊಂಚ ಮಸುಕು.

ಬುದ್ಧಿ ಹೇಳೋಣವೆಂದು ಒಮ್ಮೆ, ಫೋಟೊ ವಿದ್ಯೆ ಹುಟ್ಟುಹಾಕಿದವರಲ್ಲೊಬ್ಬನಾದ ಡಾಗೇರ್‌ನ ಚಿತ್ರ ತೋರಿಸಿದೆ. 1838ರಲ್ಲಿ ಪ್ಯಾರಿಸ್ಸಿನ ಬೀದಿಯೊಂದನ್ನು ಆತ ಕಿಟಕಿಯಿಂದ ಹಿಡಿದದ್ದು. ಚಿತ್ರ ಮೂಡಲು ಹಲವು ನಿಮಿಷ ಬೇಕಿದ್ದ ಕಾಲ. ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಎಲ್ಲ ಮಾಯವಾಗಿ ಬೀದಿ ಬಿಕೋ ಎನ್ನುತ್ತದೆ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಉಳಿದಿದ್ದಾನೆ. "ನೋಡು, ಅಲ್ಲಾಡದೆ ನಿಂತವರು ಉಳೀತಾರೆ" ಎಂದೆ.

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಪಾಲಿಶ್ ಹಾಕೋನು ಎಲ್ಲೋ?"

ಆತನೂ ಇದ್ದಾನೆ, ಇವನಷ್ಟು ಸ್ಪಷ್ಟವಾಗಿ ಅಲ್ಲ. ತೋರಿಸಿದೆ.

"ಕೆಲಸ ಮಾಡೋರು ಎಲ್ಲಿ ನೆಟ್ಟಗೆ ಬೀಳ್ತಾರೆ, ಬಿಡು" ಎಂದು ಎದ್ದು ಹೋದಳು. ರಾಗಿ ಯಾವಾಗ ವಾಪಸ್ಸು ಎಂದು ಅಡುಗೆಮನೆಯಿಂದಲೇ ಕೇಳಿದಳು.

ರಾಗಿ ವಾಪಸ್ಸಾಗಲೇ ಇಲ್ಲ. ಅಮ್ಮ ಹೋದ ಮೇಲೆ ವೈಕುಂಠ ಸಮಾರಾಧನೆಗೆಂದು ಕಟ್ಟು ಹಾಕಿಸಲು ಒಳ್ಳೆಯ ಫೋಟೊ ಹುಡುಕಿದೆವು. ಫೋನಿನ ತುಂಬ ಇದ್ದದ್ದು "ಆಯ್ತೇನೋ" ಎನ್ನುವ ಅಮ್ಮಂದಿರೇ. ಇದ್ದುದರಲ್ಲಿ ಒಂದನ್ನು ಆರಿಸಿ ಅಕ್ಕನೂ ನಾನೂ ಸ್ಟುಡಿಯೊಗೆ ಹೋದೆವು. ಹುಡುಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಬಹಳ ವಿನಯದಿಂದ, "ಸಾರ್, ಅಮ್ಮೋರ ಬಾಯಿ ಮುಚ್ಚಿಸಿಬಿಡ್ಲಾ? ಎರಡೇ ನಿಮಿಷ" ಎಂದ.

"ನಮ್ಮಪ್ಪನ ಕೈಲೇ ಆಗ್ಲಿಲ್ಲ ಕಣಪ್ಪ" ಎಂದಳು ಅಕ್ಕ, "ಹಾಗೇ ಇರ್ಲಿ."