ಗಟ್ಟಿ ಗಿಡಕ್ಕೂ ಮಣ್ಣು ಬೇಕು

ಎಂಬತ್ತರ ದಶಕದ ಬೆಂಗಳೂರಿನ ಮನೆಯಂಗಳಗಳನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ದಾಸವಾಳ, ಕಣಗಿಲೆ, ನಂದಿಬಟ್ಟಲು, ಕೇಪಳ, ಕನಕಾಂಬರ. ಬಸವನಗುಡಿ, ಮಲ್ಲೇಶ್ವರದ ಬೀದಿಗಳಲ್ಲಿ ಇವನ್ನು ದುಡ್ಡು ಕೊಟ್ಟು ತಂದವರು ಕಡಿಮೆ. ಪಕ್ಕದ ಮನೆಯಿಂದ ಮುರಿದು ತಂದ ಕಡ್ಡಿಯೇ ಸಾಕಾಗುತ್ತಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸವು, ಕಾಬಾಳೆ ಬೆಳೆಯುತ್ತಿದ್ದವು. ಋತುವಿಗೊಮ್ಮೆ ಸಸಿ ಬದಲಿಸುವ ಹೂಮಡಿಗಳನ್ನು ನೋಡಬೇಕೆಂದರೆ ಲಾಲ್‌ಬಾಗಿಗೆ ಹೋಗಬೇಕಿತ್ತು, ಅಲ್ಲಿ ಅದಕ್ಕೆ ಬೇಕಾದ ಮಾಲಿಗಳಿದ್ದರು. ತೊಂಬತ್ತರ ನಂತರ ಅಪಾರ್ಟ್‌ಮೆಂಟುಗಳೊಂದಿಗೆ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರು ಬಂದರು. ಚಾಪೆಯಂತೆ ಸುತ್ತಿ ತಂದ ಹುಲ್ಲುಹಾಸು, ಡುರಾಂಟಾ ಗಿಡದ ಹಳದಿ ಬೇಲಿ, ಸಾಲು ಸಾಲು ತಾಳೆಜಾತಿಯ ಗಿಡಗಳು ಬಂದವು. ಅವಕ್ಕೆ ಕೊಳವೆಬಾವಿಯ ನೀರು ದಿನವೂ ಬೇಕಾಯಿತು. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಊರಿಗೆ ಇದು ಹೊಂದುವ ಮಾತಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಹೇಳಿದ ಮೇಲಂತೂ ಎಲ್ಲರ ಬಾಯಲ್ಲೂ ಕಡಿಮೆ ನೀರಿನಲ್ಲೂ ಬದುಕುವ 'ಗಟ್ಟಿ ಗಿಡ'ದ ಮಾತು.

ಈ ತಿರುವು ಒಳ್ಳೆಯದೇ. ಆದರೆ ಗಿಡದ ಗಟ್ಟಿತನ ಅರ್ಧ ಜಾತಿಯಿಂದ ಬಂದರೆ, ಇನ್ನರ್ಧ ಅದು ನಿಂತ ಮಡಿಯಿಂದ ಬರುತ್ತದೆ. ಹೊಸ ಕಟ್ಟಡದ ಸುತ್ತ ನೆಲವನ್ನು ಜೆಸಿಬಿ ತುಳಿದು ಬಿಗಿ ಮಾಡಿರುತ್ತದೆ. ಅದರಲ್ಲಿ ಇಟ್ಟಿಗೆ ಚೂರು, ಗಾರೆ, ಸಿಮೆಂಟು ಬೆರೆತಿರುತ್ತವೆ. ಮೇಲೆ ಒಂದು ಗೇಣು ಕೆಂಪು ಮಣ್ಣು ಹರಡಿ ನೆಟ್ಟುಬಿಡುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಕೇಪಳಕ್ಕೆ ಕಬ್ಬಿಣಾಂಶ ದಕ್ಕುವುದಿಲ್ಲ. ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಮಾಲಿ ನೀರು ಹೆಚ್ಚಿಸುತ್ತಾನೆ, ನೀರು ಇಂಗದೆ ಬೇರು ಕೊಳೆಯುತ್ತದೆ, ಕಡೆಗೆ ಗಿಡವೇ ಸರಿಯಿಲ್ಲವೆಂಬ ತೀರ್ಪು ಬರುತ್ತದೆ. ಹಿಂದಿನವರು ಮಣ್ಣು ಪರೀಕ್ಷಿಸಿದ್ದರೇ ಎಂದು ಕೇಳಬಹುದು. ಇಲ್ಲ, ಅವರಿಗೆ ಅದು ಬೇಕಿರಲಿಲ್ಲ. ಆಗ ಪಾಯದ ಗುಂಡಿಗಳನ್ನಷ್ಟೇ ಕೈಯಿಂದ ತೋಡುತ್ತಿದ್ದರು, ಹಿತ್ತಲಿನ ಮೇಲ್ಮಣ್ಣು ಇದ್ದಲ್ಲೇ ಇರುತ್ತಿತ್ತು, ಉದುರಿದ ತರಗೆಲೆ ಅಲ್ಲೇ ಗೊಬ್ಬರವಾಗುತ್ತಿತ್ತು. ಈಗ ಅದನ್ನೆಲ್ಲ ನಾವೇ ಮರಳಿ ಕಟ್ಟಬೇಕು: ಕಸಕಡ್ಡಿ, ಗಾರೆ ಆರಿಸಿ ತೆಗೆದು, ಎರಡಡಿಯಾದರೂ ಅಗೆದು ಸಡಿಲಿಸಿ, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ತರಗೆಲೆ ಹೊದಿಸಬೇಕು. ಇದರ ಖರ್ಚು ಗಿಡಗಳ ಬೆಲೆಯನ್ನೇ ಮೀರಬಹುದು. ಆದರೂ ಒಂದೇ ಸಲದ ಈ ಖರ್ಚು, ಸತ್ತ ಗಿಡವನ್ನು ವರ್ಷವರ್ಷ ಬದಲಿಸುವುದಕ್ಕಿಂತ ಹಗುರ.

ನೆಲಮಾಳಿಗೆಯ ಚಾವಣಿಯ ಮೇಲೆ ತೋಟ ಮಾಡುವವರು ಎರಡಡಿ ಎಲ್ಲಿಂದ ತರಲಿ ಎನ್ನುತ್ತಾರೆ. ಅವರ ಮಾತು ನ್ಯಾಯವಾದದ್ದು. ಅಲ್ಲಿ ಮರದ ಆಸೆ ಬಿಟ್ಟು, ನೀರು ಬಸಿಯುವ ಏರುಮಡಿಯಲ್ಲಿ ಲೋಳೆಸರ, ಹಾವುಕತ್ತಾಳೆ, ನಿತ್ಯಪುಷ್ಪಗಳಿಗೆ ತೃಪ್ತಿಪಡಬೇಕು. ಬದುಕುವ ಗಿಡವೆಲ್ಲ ಒಳ್ಳೆಯದೆಂಬ ವಾದವನ್ನು ಮಾತ್ರ ಒಪ್ಪಲಾರೆ. ಅಲಂಕಾರಕ್ಕೆಂದು ಬಂದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ನೆಲದ ಹುಲ್ಲನ್ನೇ ಮುಚ್ಚಿಹಾಕಿರುವುದು ಕಣ್ಣೆದುರಿಗಿದೆ. ಇನ್ನು ನೆಡುವ ಕಾಲದ ಮಾತು. ಉದ್ಘಾಟನೆಗೆ ಹಸಿರು ಕಾಣಲೆಂದು ಫೆಬ್ರುವರಿಯಲ್ಲಿ ನೆಟ್ಟರೆ ಎಂಥ ಕಣಗಿಲೆಯೂ ನೀರು ಬೇಡುತ್ತದೆ. ಜೂನಿನಲ್ಲಿ ನೆಟ್ಟರೆ ಅಕ್ಟೋಬರಿನವರೆಗೆ ಮಳೆಯೇ ಸಾಕುತ್ತದೆ, ಮೊದಲ ಬೇಸಿಗೆಯೊಂದಕ್ಕೆ ವಾರಕ್ಕೆರಡು ಸಲ ಸಂಸ್ಕರಿಸಿದ ನೀರು ಕೊಟ್ಟರಾಯಿತು.