ತ್ಸೂಪೂ...!

ಈಕ್ವೆಡಾರಿನ ಪೂರ್ವ ಭಾಗದಲ್ಲಿ, ಅಮೆಜಾನ್ ಕಾಡಿನ ಪಾಸ್ತಾಸ ಕಡೆ ಕೆಚುವಾ ಮಾತಾಡುವ ಜನ ಕಥೆ ಹೇಳುವಾಗ ಬರೀ ‘ನೀರಿಗೆ ಬಿತ್ತು’ ಅಂದು ಸುಮ್ಮನಾಗುವುದಿಲ್ಲ. ‘ತ್ಸುಪು’ ಅನ್ನುತ್ತಾರೆ. ವಸ್ತು ನೀರಿಗೆ ತಾಗಿ ಒಳಗೆ ಮುಳುಗುವ ಆ ಕ್ಷಣ ಅದು. ಸ್ವರ ಎಳೆದರೆ ಆ ಮುಳುಗುವಿಕೆಯೂ ಕಿವಿಯಲ್ಲಿ ಉದ್ದವಾಗುತ್ತದೆ. ಒಂದರ ಹಿಂದೊಂದು ಬಿದ್ದರೆ ‘ತ್ಸುಪು ತ್ಸುಪು ತ್ಸುಪು’. ನಮ್ಮ ‘ದುಡುಮ್’, ‘ಬುಳಕ್’ಗಳ ದೂರದ ನೆಂಟ ಅಂದುಕೊಳ್ಳಿ.

ನನಗೆ ಇನ್ನೂ ಇಷ್ಟವಾದದ್ದು ‘ಪೊಲಾಂಗ್’. ನೀರಿನಡಿಯಿಂದ ಏನೋ ಮೇಲಕ್ಕೆದ್ದು ಕಾಣಿಸಿಕೊಳ್ಳುವುದಕ್ಕೆ ಈ ಪದ. ಅಲ್ಲಿ ಸದ್ದೇ ಇರಬೇಕಿಲ್ಲ! ಕಣ್ಣಿಗೆ ಕಂಡದ್ದನ್ನೂ ಬಾಯಿ ಅನುಕರಿಸುತ್ತದೆ. ನಮ್ಮಲ್ಲಿ ‘ಪಳಪಳ’ ಹೊಳೆಯುತ್ತದಲ್ಲ, ಹಾಗೆ.

ಇವನ್ನೆಲ್ಲ ಮಕ್ಕಳ ಮಾತು, ಅಲಂಕಾರ ಅಂತ ಬದಿಗಿಡುವವರಿದ್ದಾರೆ. ಅದು ತಪ್ಪು. ಭಾಷಾವಿಜ್ಞಾನಿ ಜಾನಿಸ್ ನಕಲ್ಸ್ 1996ರ ‘ಸೌಂಡ್ಸ್ ಲೈಕ್ ಲೈಫ್’ ಪುಸ್ತಕದಲ್ಲಿ ತೋರಿಸಿದ್ದೇ ಇದನ್ನು: ಕ್ರಿಯೆ ಮುಗಿಯಿತೋ, ಮುಂದುವರಿಯಿತೋ, ಮರುಕಳಿಸಿತೋ ಎಂಬುದನ್ನು ಹೇಳುವಲ್ಲಿ ಈ ಪದಗಳು ವ್ಯಾಕರಣದ ಕೆಲಸವನ್ನೇ ಮಾಡುತ್ತವೆ. ನಮ್ಮ ಕನ್ನಡದ ವ್ಯಾಕರಣಕಾರ ಕೇಶಿರಾಜನೂ 13ನೇ ಶತಮಾನದಲ್ಲೇ ಅನುಕರಣ ಪದಗಳಿಗೆ ವ್ಯಾಕರಣದೊಳಗೆ ಜಾಗ ಕೊಟ್ಟಿದ್ದ.

ಅಚ್ಚಿನಲ್ಲಿ ‘ತ್ಸುಪು’ ಅರ್ಧಕ್ಕರ್ಧ ಸತ್ತಂತೆ. ದನಿಯ ಏರಿಳಿತ ಬೇಕು, ಕೈಸನ್ನೆ ಬೇಕು. ಅದಕ್ಕೇ ನಕಲ್ಸ್ ಮತ್ತು ಸಂಗಡಿಗರು ‘ಕೆಚುವಾ ರಿಯಲ್ ವರ್ಡ್ಸ್’ ಎಂಬ ಜಾಲತಾಣದಲ್ಲಿ ಈ ಪದಗಳನ್ನು ವಿಡಿಯೊ ಸಮೇತ ಇಟ್ಟಿದ್ದಾರೆ. ಬಿಡುವಾದಾಗ ಕೇಳಿ, ನೋಡಿ.